ಜೊತೆಗಿಟ್ಟುಕೊಳ್ಳಲು ಚಿಕ್ಕ ಪಿಸ್ತೂಲು: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಟೆಕ್ಸಾಸಿನಲ್ಲಿರುವವನು. ಶನಿವಾರ ಬೆಳಿಗ್ಗೆ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಹೋಗುವ ಅಭ್ಯಾಸ ಇದೆ. ಇದು ಒಬ್ಬರಿಗೆ ಗೊತ್ತಾಗಿ ಹತ್ತು ಜನಕ್ಕೆ ಗೊತ್ತಾಯಿತು. ಈಗ ಯುಗಾದಿ ಊಟದ ಸಾಲಿನಲ್ಲಿ, ಮಕ್ಕಳ ಕನ್ನಡ ತರಗತಿಯ ಹೊರಗೆ, ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜಿನಲ್ಲಿ ಅದೇ ಅದೇ ಪ್ರಶ್ನೆಗಳು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ, ಅಂಗಡಿಯವನೂ ಅಲ್ಲ. ಬಹಳ ಗುಂಡು ದಂಡ ಮಾಡಿ ಕಲಿತವನು, ಅಷ್ಟೆ.

## ತಗೊಳ್ಳುವ ಮುಂಚೆ

ನಾನು ಎಚ್-1ಬಿಯಲ್ಲಿದ್ದೀನಿ, ಹೆಂಡ್ತಿ ಎಚ್-4. ನಾವು ಪಿಸ್ತೂಲು ತಗೋಬಹುದಾ?

ಇಲ್ಲ ಎಂದೇ ಇಟ್ಟುಕೊಳ್ಳಿ. ಎಚ್-1ಬಿ, ಎಚ್-4, ಎಫ್-1 ಥರದ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಫೆಡರಲ್ ಕಾನೂನು. ರೇಂಜಿನಲ್ಲಿ ಬಾಡಿಗೆಗೆ ಹಿಡಿಯುವುದಕ್ಕೂ ಇದು ಅಡ್ಡ ಬರುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ. "ಫ್ರೆಂಡ್ ಒಬ್ಬ ಹಂಗೇ ತಗೊಂಡ" ಎಂಬ ಕಥೆ ನೀವೂ ಕೇಳಿರುತ್ತೀರಿ. ಅದನ್ನು ನಂಬಿ ಹೊರಡುವ ಮುಂಚೆ ವಲಸೆ ಕಾನೂನು ಬಲ್ಲ ವಕೀಲರಿಗೆ ಫೀಸು ಕೊಟ್ಟು ಕೇಳಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು ವರ್ಷ ನಿಂತು, ಒಂದು ಪಿಸ್ತೂಲಿಗೋಸ್ಕರ ಸಾಲು ತಪ್ಪಿಸಿಕೊಳ್ಳಬೇಡಿ.

ಗ್ರೀನ್ ಕಾರ್ಡ್ ಬಂದ ಮೇಲೆ ಕೊಳ್ಳಬಹುದು. ಲೈಸೆನ್ಸ್ ಇರುವ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ತುಂಬಿರಬೇಕು. 4473 ಎಂಬ ಫಾರ್ಮು ತುಂಬಬೇಕು, ನಿಮ್ಮ ಹಿನ್ನೆಲೆ ತಪಾಸಣೆ ಆಗುತ್ತದೆ. ಆ ಫಾರ್ಮಿನಲ್ಲಿ ಸುಳ್ಳು ಬರೆಯುವುದೇ ಒಂದು ಅಪರಾಧ. ಅರ್ಥವಾಗದ ಪ್ರಶ್ನೆಗೆ ಅಂದಾಜಿನ ಮೇಲೆ ಟಿಕ್ ಹಾಕಬೇಡಿ.

ಮನೇಲಿ ಚಿಕ್ಕ ಮಕ್ಕಳಿದ್ದಾರೆ. ಬೀರು ಮೇಲೆ ಎತ್ತರದಲ್ಲಿ ಇಟ್ರೆ ಸಾಕಲ್ವಾ?

ಸಾಲದು. ಚಕ್ಕುಲಿ ಡಬ್ಬ ಎತ್ತರದಲ್ಲಿಟ್ಟರೂ ಮಕ್ಕಳು ಹುಡುಕುತ್ತಾರೆ, ಅಲ್ವಾ? ಪಿಸ್ತೂಲು ನಿಮ್ಮ ಮೈಮೇಲಿರಬೇಕು, ಇಲ್ಲವೇ ಬೀಗದೊಳಗಿರಬೇಕು. ಮೂರನೇ ಜಾಗ ಇಲ್ಲ. ಬೀಗದ ಪೆಟ್ಟಿಗೆಗೆ ದುಡ್ಡಿಲ್ಲ ಎಂದರೆ ಪಿಸ್ತೂಲಿಗೂ ದುಡ್ಡಿಲ್ಲ ಎಂದರ್ಥ. ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆ ಬೀಗದ ಪೆಟ್ಟಿಗೆ ಅಲ್ಲ. ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ.

ಇನ್ನೊಂದು ಮಾತು ಇದೆ. ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಸಿದಿದ್ದರೆ ಈಗ ಕೊಳ್ಳಬೇಡಿ. ಈಗಾಗಲೇ ಇದ್ದರೆ ಸ್ವಲ್ಪ ಕಾಲ ಮನೆಯಿಂದ ಹೊರಗೆ ಇಡುವ ದಾರಿ ಹುಡುಕಿ.

ಯಾವಾಗ್ಲೂ ಜೊತೆಗಿರಬೇಕು ಅಂದ್ರೆ ಚಿಕ್ಕದಾದಷ್ಟೂ ಒಳ್ಳೇದಲ್ವಾ?

ಎಲ್ಲರೂ ಇಲ್ಲೇ ಎಡವುತ್ತಾರೆ. ನಾನೂ ಎಡವಿದೆ.

ನನ್ನ ಮೊದಲ ಪಿಸ್ತೂಲು ಅಂಗೈಯಲ್ಲಿ ಮುಚ್ಚಿಹೋಗುವಷ್ಟಿತ್ತು. .380 ಎಂಬ ಚಿಕ್ಕ ತೋಟಾದ್ದು. ಪ್ಯಾಂಟಿನ ಜೇಬಿನಲ್ಲಿಟ್ಟರೆ ಮೊಬೈಲಿಗಿಂತ ಹಗುರ ಅನ್ನಿಸುತ್ತಿತ್ತು. ಅಂಗಡಿಯವರು "ಇದನ್ನ ಒಯ್ಯುವುದು ಎಷ್ಟು ಸುಲಭ ನೋಡಿ" ಎಂದರು. ಸುಳ್ಳೇನಲ್ಲ. ಮೊದಲ ಶನಿವಾರ ರೇಂಜಿಗೆ ಒಯ್ದೆ. ಏಳು ಗಜ ದೂರದಲ್ಲಿ ಮನುಷ್ಯನ ಗಾತ್ರದ ಕಾಗದ. ಐವತ್ತು ಗುಂಡಿನಲ್ಲಿ ಹನ್ನೆರಡು ಕಾಗದಕ್ಕೇ ತಾಗಲಿಲ್ಲ. ಹೆಬ್ಬೆರಳ ಬುಡ ಕೆಂಪಾಯಿತು. ಎರಡನೇ ಡಬ್ಬಿ ತೆಗೆಯುವ ಮನಸ್ಸೇ ಬರಲಿಲ್ಲ. ಪಕ್ಕದ ಲೇನಿನ ಅಜ್ಜ ತಮ್ಮ ಗ್ಲಾಕ್ 19 ಎಂಬ ಸ್ವಲ್ಪ ದೊಡ್ಡ ಪಿಸ್ತೂಲು ಕೊಟ್ಟು "ಇದರಲ್ಲಿ ಐದು ಹೊಡಿ" ಎಂದರು. ಐದೂ ಎದೆಯ ಮಧ್ಯ ಬಿದ್ದವು. ಕೈ ಅದೇ, ಕಣ್ಣು ಅದೇ.

ಯಾಕೆ ಹೀಗೆ? ಮೊದಲನೆಯದು ತೂಕ. ಗುಂಡು ಮುಂದೆ ಹೋಗುವಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಅದೇ ತೋಟಾ ಇಟ್ಟು ಪಿಸ್ತೂಲಿನ ತೂಕ ಅರ್ಧ ಮಾಡಿದರೆ ಒದೆತದ ಶಕ್ತಿ ಎರಡರಷ್ಟಾಗುತ್ತದೆ. ಕಾಲೇಜಿನ ಭೌತಶಾಸ್ತ್ರವೇ ಇದು. ಎರಡನೆಯದು ಹಿಡಿ. ಗಿಡ್ಡ ಹಿಡಿಯಲ್ಲಿ ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ, ಎಡಗೈ ಒತ್ತಲು ಜಾಗವೇ ಇರುವುದಿಲ್ಲ. ಮೂರನೆಯದು ಟ್ರಿಗರ್. ಸಾಮಾನ್ಯವಾಗಿ ಅದನ್ನು ಒತ್ತಲು ಎರಡೂವರೆ ಕೆಜಿಯಷ್ಟು ಬಲ ಬೇಕು. ಅರ್ಧ ಕೆಜಿ ತೂಗದ ವಸ್ತುವಿನ ಮೇಲೆ ಎರಡೂವರೆ ಕೆಜಿ ಬಲ ಹಾಕಿ, ಅದು ಅಲುಗದ ಹಾಗೆ ನೋಡಿಕೊಳ್ಳಬೇಕು!

ಕೊನೆಯದು ಗುರಿ ಹಿಡಿಯುವ ಎರಡು ಗುರುತುಗಳ ನಡುವಿನ ದೂರ. ಅದು 15 ಸೆಂ.ಮೀ. ಇದ್ದರೆ, ಒಂದು ಮಿಲಿಮೀಟರ್ ತಪ್ಪು ಏಳು ಗಜದಾಚೆ ನಾಲ್ಕು ಸೆಂ.ಮೀ. ಆಗುತ್ತದೆ. 10 ಸೆಂ.ಮೀ. ಇದ್ದರೆ ಅದೇ ತಪ್ಪು ಆರು ಸೆಂ.ಮೀ. ದಾಟುತ್ತದೆ.

ಹಾಗಾಗಿ ನೀವು ದಿನಾ ನಿಜಕ್ಕೂ ಒಯ್ಯುವ ಅತಿ ದೊಡ್ಡ ಪಿಸ್ತೂಲು ಯಾವುದು ಎಂದು ಕೇಳಿಕೊಳ್ಳಿ. ಆದರೆ "ನಿಜಕ್ಕೂ" ಎಂಬ ಮಾತು ಮರೆಯಬೇಡಿ. ಭಾರ ಎಂದು ಮನೆಯಲ್ಲೇ ಬಿಟ್ಟು ಹೋದರೆ ಅದೂ ದಂಡವೇ.

ಕಾಂಪ್ಯಾಕ್ಟ್, ಸಬ್‌ಕಾಂಪ್ಯಾಕ್ಟ್, ಮೈಕ್ರೋ ಅಂತೆಲ್ಲ ಹೇಳ್ತಾರೆ. ಏನಿದು?

ಕಂಪನಿಗಳು ತಮಗೆ ಬೇಕಾದ ಹಾಗೆ ಇಟ್ಟ ಹೆಸರು. ಅಳತೆ ನೋಡಿ, ಹೆಸರು ಬಿಡಿ. 1988ರ ಗ್ಲಾಕ್ 19 ಎಲ್ಲರಿಗೂ ಅಳತೆಗೋಲು: ನಾಲ್ಕು ಇಂಚಿನ ನಳಿಗೆ, ಮ್ಯಾಗಜೀನಿನಲ್ಲಿ (ಗುಂಡು ತುಂಬಿ ಹಿಡಿಯೊಳಗೆ ಸೇರಿಸುವ ಕೊಳವೆ) 15 ಗುಂಡು, ಖಾಲಿ ಇದ್ದಾಗ ಸುಮಾರು 600 ಗ್ರಾಂ. ಅದರ ಆಸುಪಾಸಿನದ್ದು ಕಾಂಪ್ಯಾಕ್ಟ್.

ತೆಳ್ಳಗಿನದು ಬೇಕೆಂದವರಿಗೆ 2015ರ ಗ್ಲಾಕ್ 43 ಬಂತು. ಮ್ಯಾಗಜೀನಿನಲ್ಲಿ ಆರೇ ಗುಂಡು. 2018ರಲ್ಲಿ ಸಿಗ್ ಸಾವರ್ ಪಿ365 ಬಂದು ಆಟ ಬದಲಾಯಿತು. ಒಂದು ಇಂಚು ದಪ್ಪ, ಸುಮಾರು ಅರ್ಧ ಕೆಜಿ, ಆದರೆ 10 ಗುಂಡು. ಮರುವರ್ಷ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್, 2021ರಲ್ಲಿ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಪ್ಲಸ್. ಇವುಗಳಲ್ಲೇ ಹಿಡಿ ಉದ್ದ ಮಾಡಿದ ಮಾದರಿಗಳಿವೆ: ಗ್ಲಾಕ್ 43ಎಕ್ಸ್, 48, ಪಿ365 ಎಕ್ಸ್‌ಎಲ್. ತೆಳ್ಳಗೂ ಇರಬೇಕು, ಮೂರು ಬೆರಳೂ ಕೂರಬೇಕು ಎನ್ನುವವರು ಮೊದಲು ಈ ಗುಂಪನ್ನೇ ನೋಡಿ. ನನ್ನ ಸೊಂಟದಲ್ಲಿ ಈಗಿರುವುದೂ ಇದೇ ಗುಂಪಿನದು.

## ತೋಟಾ, ಕೈ, ಬೆರಳು

9 ಎಂಎಂ ತಗೊಳ್ಳೋದಾ, .380 ತಗೊಳ್ಳೋದಾ? .45 ಆದ್ರೆ ಪವರ್ ಜಾಸ್ತಿ ಅಂತಾರೆ.

ಇವೆಲ್ಲ ತೋಟಾದ ಅಳತೆಯ ಹೆಸರುಗಳು. ಕಾರಣ ಇಲ್ಲದಿದ್ದರೆ 9 ಎಂಎಂ. ಈ ತೋಟಾ 1902ರದ್ದು. ಎಲ್ಲ ಕಡೆ ಸಿಗುತ್ತದೆ, ಅಗ್ಗ. ಅಗ್ಗ ಎಂದರೆ ಅಭ್ಯಾಸ ಜಾಸ್ತಿ.

ಪವರ್ ವಾದಕ್ಕೆ ಒಂದು ಕಥೆ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಏಜೆಂಟರು ಸತ್ತರು. ಆಮೇಲೆ ಎಫ್‌ಬಿಐ 9 ಎಂಎಂ ಸಾಲದು ಎಂದು 10 ಎಂಎಂಗೆ ಹೋಯಿತು, ಅದರ ಒದೆತ ಜಾಸ್ತಿ ಎಂದು .40ಗೆ ಇಳಿಯಿತು, ಕಡೆಗೆ 2010ರ ದಶಕದ ನಡುವಿನಲ್ಲಿ ಮತ್ತೆ 9 ಎಂಎಂಗೇ ಬಂತು. ಅಷ್ಟರಲ್ಲಿ ಗುಂಡುಗಳು ಸುಧಾರಿಸಿದ್ದವು. ಜೊತೆಗೆ, ಹೆಚ್ಚಿನವರು 9 ಎಂಎಂನಲ್ಲಿ ಬೇಗವೂ ಸರಿಯಾಗಿಯೂ ಹೊಡೆಯುತ್ತಿದ್ದರು.

.380ರಲ್ಲಿ ಒಂದು ಮೋಸ ಇದೆ. ತೋಟಾ ಚಿಕ್ಕದು, ಒದೆತವೂ ಕಡಿಮೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ವಾಲ್ಥರ್ ಪಿಪಿಕೆ ಥರದ ಹಳೇ ವಿನ್ಯಾಸಗಳಲ್ಲಿ ನಳಿಗೆ ಕದಲುವುದಿಲ್ಲ. ಒದೆತವನ್ನು ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ) ತೂಕ ಮತ್ತು ಬಿಗಿ ಸ್ಪ್ರಿಂಗ್ ಮಾತ್ರ ತಡೆಯಬೇಕು. ಅದು ಕೈಗೆ ಚುರುಕ್ಕೆಂದು ಬಡಿಯುತ್ತದೆ. ದೊಡ್ಡ 9 ಎಂಎಂ ಅದಕ್ಕಿಂತ ಮೆತ್ತಗೆ ಅನ್ನಿಸಬಹುದು. ಆದರೆ .380 ತೋಟಾವನ್ನು ಸ್ವಲ್ಪ ದೊಡ್ಡ ಮೈಯ ಪಿಸ್ತೂಲಿಗೆ ಹಾಕಿದರೆ ನಿಜಕ್ಕೂ ಮೆತ್ತಗಿರುತ್ತದೆ. ಕೈ ಬಲ ಕಡಿಮೆ ಇರುವವರಿಗೆ ಅದು ಸರಿ.

ಸ್ಲೈಡ್ ಹಿಂದಕ್ಕೆ ಎಳೆಯೋಕೇ ಆಗಲ್ಲ. ನನಗೆ ಪಿಸ್ತೂಲು ಆಗಿಬರಲ್ವೇನೋ?

ಹೆಚ್ಚಾಗಿ ಹೆಂಗಸರೂ ವಯಸ್ಸಾದವರೂ ಕೇಳುತ್ತಾರೆ. ಹತ್ತರಲ್ಲಿ ಏಳೆಂಟು ಸಲ ಬಲದ ತೊಂದರೆ ಅಲ್ಲ, ಮಾಡುವ ಕ್ರಮದ್ದು. ತುದಿ ಬೆರಳಲ್ಲಿ ಚಿವುಟಿ ಎಳೆಯಬೇಡಿ. ಪಿಸ್ತೂಲನ್ನು ಎದೆಯ ಹತ್ತಿರ ತನ್ನಿ, ನಳಿಗೆ ಸದಾ ಸುರಕ್ಷಿತ ದಿಕ್ಕಿಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗಿರಲಿ. ಎಡಗೈಯ ಇಡೀ ಅಂಗೈಯಿಂದ ಸ್ಲೈಡನ್ನು ಗಟ್ಟಿಯಾಗಿ ಹಿಡಿದು, ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿ. ರಾಗಿ ಮುದ್ದೆ ತಿರುವಿದ ಕೈಗೆ ಇದು ಏನೂ ಅಲ್ಲ.

ಸಂಧಿವಾತ ಇದ್ದವರಿಗೆ ಇದೂ ಕಷ್ಟ. ಅವರಿಗೆಂದೇ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಇಝೆಡ್ ಇದೆ. 2018ರಲ್ಲಿ .380, 2020ರಲ್ಲಿ 9 ಎಂಎಂ. ಒಳಗೆ ತೋಟಾ ಸಿಡಿಸುವ ಚಿಕ್ಕ ಸುತ್ತಿಗೆ ಇರುವ ವಿನ್ಯಾಸ, ಹಾಗಾಗಿ ಸ್ಪ್ರಿಂಗ್ ಸಡಿಲ ಇಡಲು ಸಾಧ್ಯವಾಗಿದೆ. ಮ್ಯಾಗಜೀನ್ ತುಂಬುವುದೂ ಸುಲಭ.

ನನ್ನ ಕೈ ಚಿಕ್ಕದು. ಹಿಡಿಸುತ್ತೋ ಇಲ್ವೋ ಹೇಗೆ ಗೊತ್ತಾಗುತ್ತೆ?

ಖಾಲಿ ಮಾಡಿಸಿ, ನೀವೂ ಕಣ್ಣಾರೆ ನೋಡಿ, ಆಮೇಲೆ ಹಿಡಿಯಿರಿ. ನಳಿಗೆ ಮುಂಗೈಯ ಮೂಳೆಯ ನೇರಕ್ಕೆ ಇರಬೇಕು. ಹಾಗೆ ಹಿಡಿದಾಗ ತೋರುಬೆರಳ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಕೂರಬೇಕು. ಬೆರಳು ಮುಟ್ಟಿಸಲೆಂದು ಪಿಸ್ತೂಲನ್ನೇ ಕೈಯೊಳಗೆ ಓರೆಯಾಗಿ ತಿರುಗಿಸಿದರೆ ಅದು ನಿಮಗೆ ದಪ್ಪ. ಕೈ ಚಿಕ್ಕದು ಎಂದರೆ ದಪ್ಪ ಕಡಿಮೆ ಬೇಕು, ಉದ್ದ ಕಡಿಮೆ ಅಲ್ಲ. ಈ ಎರಡನ್ನು ಕಲಸಿ ಹೆಂಗಸರ ಕೈಗೆ ಅತಿ ಪುಟ್ಟದನ್ನು ಕೊಡುವವರು ಇನ್ನೂ ಇದ್ದಾರೆ. ಗುಲಾಬಿ ಬಣ್ಣ ಬೇರೆ.

ರಿವಾಲ್ವರ್ ಸುಲಭ, ಕೆಟ್ಟು ಹೋಗಲ್ಲ ಅಂತಾರಲ್ಲ?

ಅರ್ಥ ಮಾಡಿಕೊಳ್ಳುವುದು ಸುಲಭ. ಹೊಡೆಯುವುದು ಸುಲಭ ಅಲ್ಲ. ಐದು ಗುಂಡಿನ ಹಗುರ .38 ರಿವಾಲ್ವರಿನ ಟ್ರಿಗರ್ ಉದ್ದ, ಒತ್ತಲು ಐದು ಕೆಜಿ ಬಲ ಬೇಕಾಗಬಹುದು. ಒದೆತವೂ ಜೋರು. ಪಳಗಿದವರ ಆಯುಧ ಅದು.

## ರೇಂಜಿನಲ್ಲಿ

ಅಂಗಡಿಯಲ್ಲಿ ಹಿಡಿದು ನೋಡಿದ್ರೆ ಸಾಕಲ್ವಾ? ಬಾಡಿಗೆಗೆ ಯಾಕೆ ದುಡ್ಡು ದಂಡ?

ಚಪ್ಪಲಿ ಹಾಕಿ ನಾಲ್ಕು ಹೆಜ್ಜೆ ನಡೆಯದೆ ಕೊಳ್ಳುತ್ತೀರಾ? ಕೈಯಲ್ಲಿ ಚೆನ್ನಾಗಿ ಕೂತಿದ್ದು ಗುಂಡು ಹಾರಿದಾಗ ಜಾರುತ್ತದೆ. ಬಾಡಿಗೆ ಕೊಡುವ ರೇಂಜಿಗೆ ಹೋಗಿ ಎರಡು ಮೂರು ಮಾದರಿ ತಗೊಳ್ಳಿ. ನಾನು ಮಾಡಿಸುವ ಪರೀಕ್ಷೆ ಹೀಗಿದೆ.

ಐದು ಗಜ ದೂರ. ಕಾಗದದ ಮೇಲೆ ಪೂರಿಯಷ್ಟಗಲ, ಅಂದರೆ ಐದು ಇಂಚಿನ ವೃತ್ತ. ಮೊದಲು ಆರಾಮಾಗಿ ಐದು ಗುಂಡು. ಇನ್ನೊಂದು ವೃತ್ತಕ್ಕೆ ಸೆಕೆಂಡಿಗೆ ಒಂದರಂತೆ ಐದು. ರೇಂಜಿನವರು ಇಷ್ಟು ಬೇಗ ಹೊಡೆಯಲು ಬಿಡುತ್ತಾರಾ ಎಂದು ಮೊದಲೇ ಕೇಳಿ. ಮೂರನೆಯದಕ್ಕೆ ಒಂದೇ ಕೈಯಲ್ಲಿ ಐದು. ಪ್ರತಿ ಪಿಸ್ತೂಲಿಗೂ ಬೇರೆ ಕಾಗದ, ಅದರ ಹೆಸರು ಬರೆದು ಮನೆಗೆ ತನ್ನಿ. ಊಟದ ಮೇಜಿನ ಮೇಲೆ ಹರಡಿ ನೋಡಿ.

ನಿಧಾನದ ಸುತ್ತಿನಲ್ಲಿ ಎಲ್ಲ ಪಿಸ್ತೂಲೂ ಚೆನ್ನಾಗಿಯೇ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಎರಡನೇ ವೃತ್ತದಲ್ಲಿ. ಗೆಳೆಯರೊಬ್ಬರು ಒಂದು ತಿಂಗಳು ವಿಮರ್ಶೆಗಳನ್ನು ಓದಿ, ಸ್ಪ್ರೆಡ್‌ಶೀಟ್ ಮಾಡಿ ಒಂದನ್ನು ಆರಿಸಿಕೊಂಡಿದ್ದರು. ಕಾಗದದಲ್ಲಿ ಅದು ಮೂರನೇ ಸ್ಥಾನಕ್ಕೆ ಹೋಯಿತು. ಅವರ ಮುಖ ನೋಡಬೇಕಿತ್ತು. ಕಡೆಗೆ ಕಾಗದ ಹೇಳಿದ್ದನ್ನೇ ಕೊಂಡರು.

ಇನ್ನೊಂದನ್ನೂ ಗಮನಿಸಿ. ಐವತ್ತು ಗುಂಡಾದ ಮೇಲೆ ಇನ್ನೊಂದು ಡಬ್ಬಿ ಬೇಕು ಅನ್ನಿಸಿತಾ, ಸಾಕಪ್ಪಾ ಅನ್ನಿಸಿತಾ? ಸಾಕು ಅನ್ನಿಸುವ ಪಿಸ್ತೂಲಿನಲ್ಲಿ ನೀವು ಅಭ್ಯಾಸ ಮಾಡುವುದಿಲ್ಲ.

ನನ್ನ ಗುಂಡೆಲ್ಲ ಕೆಳಗೆ ಎಡಕ್ಕೇ ಹೋಗುತ್ತೆ. ಪಿಸ್ತೂಲಿನ ಗುರಿ ಸರಿ ಇಲ್ವಾ?

ನೀವು ಬಲಗೈಯವರಾ? ಹಾಗಾದರೆ ಪಿಸ್ತೂಲು ಸರಿಯಾಗಿಯೇ ಇರಬೇಕು. ಶಬ್ದ, ಒದೆತ ಬರುತ್ತದೆಂದು ಮೈ ಮೊದಲೇ ಬಿಗಿಯುತ್ತದೆ. ಟ್ರಿಗರ್ ಒತ್ತುವ ಕ್ಷಣದಲ್ಲಿ ಇಡೀ ಕೈ ಮುಷ್ಟಿ ಹಿಡಿದು ನಳಿಗೆಯನ್ನು ಕೆಳಕ್ಕೆ ಎಡಕ್ಕೆ ಎಳೆಯುತ್ತದೆ. ಗೆಳೆಯರಿಗೆ ಹೇಳಿ, ಮ್ಯಾಗಜೀನಿನಲ್ಲಿ ನಿಮಗೆ ಗೊತ್ತಿಲ್ಲದ ಹಾಗೆ ಒಂದೆರಡು ಡಮ್ಮಿ ತೋಟಾ ಸೇರಿಸಿಕೊಡಲಿ. ಡಮ್ಮಿ ಬಂದಾಗ ಗುಂಡು ಹಾರುವುದಿಲ್ಲ, ಆದರೂ ನಳಿಗೆ ತಲೆ ತಗ್ಗಿಸುತ್ತದೆ. ನೋಡಿ ನಗು ಬರುತ್ತದೆ. ನಕ್ಕ ಮೇಲೆ ಸರಿ ಮಾಡಿಕೊಳ್ಳಬಹುದು.

ಇದಕ್ಕೆ ಔಷಧಿ ಮನೆಯಲ್ಲೇ ಇದೆ: ಖಾಲಿ ಪಿಸ್ತೂಲಿನ ಅಭ್ಯಾಸ. ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಮೂರು ಸಲ ಪರೀಕ್ಷಿಸಿ, ಗುಂಡು ತಡೆಯುವ ಗೋಡೆಯ ಕಡೆ ತಿರುಗಿ ದಿನಕ್ಕೆ ಹತ್ತು ನಿಮಿಷ ಟ್ರಿಗರ್ ಒತ್ತಿ. ಮುಗಿಯಿತು ಎಂದ ಮೇಲೆ ಮುಗಿಯಿತು. "ಇನ್ನೊಂದೇ ಸಲ" ಬೇಡ. ಮರೆತು ಗುಂಡು ತುಂಬಿ ಟಿವಿಗೆ ಹೊಡೆದವರು ಆ ಇನ್ನೊಂದೇ ಸಲದವರು.

ಗುಂಡು ಸಿಕ್ಕಿಹಾಕಿಕೊಳ್ತಾ ಇರುತ್ತೆ. ಎಷ್ಟು ಹೊಡೆದ ಮೇಲೆ ನಂಬಬಹುದು?

ನನ್ನ ಲೆಕ್ಕ ಇನ್ನೂರು. ಅದರಲ್ಲಿ ಐವತ್ತು, ನೀವು ದಿನಾ ಒಯ್ಯುವ, ತುದಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡೇ ಆಗಿರಲಿ. ಪುಟ್ಟ ಪಿಸ್ತೂಲುಗಳು ಮಣಿಕಟ್ಟು ಸಡಿಲ ಬಿಟ್ಟರೆ ಮುನಿಸಿಕೊಳ್ಳುತ್ತವೆ. ಹಿಡಿತ ಗಟ್ಟಿ ಮಾಡಿ ನೋಡಿ, ಮ್ಯಾಗಜೀನ್ ಬದಲಿಸಿ ನೋಡಿ, ಗುಂಡಿನ ಬ್ರ್ಯಾಂಡ್ ಬದಲಿಸಿ ನೋಡಿ. ಆಮೇಲೂ ಸಿಕ್ಕಿಕೊಂಡರೆ ಕಂಪನಿಗೆ ವಾಪಸ್ ಕಳಿಸಿ.

## ಸ್ವಲ್ಪ ಅನುಭವ ಆದವರು ಕೇಳುವುದು

ನಲವತ್ತೈದು ದಾಟಿತು, ಮುಂದಿನ ಗುರುತು ಮಸುಕಾಗಿದೆ. ರೆಡ್ ಡಾಟ್ ಹಾಕಿಸ್ಲಾ?

ಹಾಕಿಸಿ. ಪುಟ್ಟ ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಗುರಿ ಸಾಧನ ಇದು. ಚಾಳೀಸು ಬಂದ ಕಣ್ಣಿಗೆ ಇದರಷ್ಟು ಉಪಕಾರ ಇನ್ನೊಂದಿಲ್ಲ. ಕಣ್ಣನ್ನು ಗುರಿಯ ಮೇಲೇ ಇಡಬಹುದು, ಚುಕ್ಕೆ ಅದರ ಮೇಲೆ ಬಂದು ಕೂರುತ್ತದೆ. ಆದರೆ ಮೊದಲ ತಿಂಗಳು ಚುಕ್ಕೆ ಎಲ್ಲಿ ಹೋಯಿತೆಂದು ಹುಡುಕುತ್ತೀರಿ. ಕೈ ಪ್ರತಿಸಲ ಒಂದೇ ಜಾಗಕ್ಕೆ ಬರುವ ತನಕ ಈ ಹುಡುಕಾಟ ಇದ್ದದ್ದೇ. ಕೊಳ್ಳುವಾಗಲೇ ಸ್ಲೈಡಿನಲ್ಲಿ ಡಾಟ್ ಕೂರಿಸುವ ಜಾಗ ಇರುವ ಮಾದರಿ ತಗೊಳ್ಳಿ. ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಿ. ನಾನು ಆಯುಧಪೂಜೆಯ ದಿನ ಬದಲಿಸುತ್ತೇನೆ, ಮರೆಯುವುದಿಲ್ಲ.

ಹೋಲ್‌ಸ್ಟರಿಗೆ ನೂರು ಡಾಲರಾ? ಸುಮ್ನೆ ಸೊಂಟಕ್ಕೆ ಸಿಕ್ಕಿಸ್ಕೊಂಡ್ರೆ ಆಗಲ್ವಾ?

ಆಗುವುದಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ, ಆ ಮಾದರಿಗೇ ಅಚ್ಚು ಮಾಡಿದ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಬೇಕೇ ಬೇಕು. ಜೊತೆಗೆ ಗಟ್ಟಿ ಬೆಲ್ಟ್. ದೊಡ್ಡ ಪಿಸ್ತೂಲು ಮುಚ್ಚಿಡಲು ಆಗುವುದಿಲ್ಲ ಎಂದು ದೂರುವವರಲ್ಲಿ ಬಹಳ ಜನರದ್ದು ಬೆಲ್ಟಿನ ತೊಂದರೆ. ಒಳಗೆ ಇಡುವಾಗ ನಿಧಾನವಾಗಿ, ನೋಡಿಕೊಂಡು ಇಡಿ. ಅಂಗಿಯ ತುದಿ ಟ್ರಿಗರಿಗೆ ಸಿಕ್ಕಿ ಗುಂಡು ಹಾರಬಹುದು. ಕೈಯಿಂದ ಒತ್ತುವ ಸೇಫ್ಟಿ (ಗುಂಡು ಹಾರದಂತೆ ತಡೆಯುವ ಗುಂಡಿ) ಇರುವ ಮಾದರಿ ನಿಮಗೆ ಧೈರ್ಯ ಕೊಟ್ಟರೆ ಅದನ್ನೇ ತಗೊಳ್ಳಿ, ಆದರೆ ಅದನ್ನು ತೆಗೆಯುವುದನ್ನೂ ಸಾವಿರ ಸಲ ಅಭ್ಯಾಸ ಮಾಡಿ.

ಟೆಕ್ಸಾಸಲ್ಲಿ ಪರ್ಮಿಟ್ಟೇ ಬೇಡ. ಹಾಗೇ ನ್ಯೂಜೆರ್ಸಿಗೆ ಅಣ್ಣನ ಮನೆಗೆ ಒಯ್ಯಬಹುದಲ್ವಾ?

ದಯವಿಟ್ಟು ಬೇಡ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಪಿಸ್ತೂಲು ಜೊತೆಗೆ ಒಯ್ಯಲು ಪರ್ಮಿಟ್ ಕಡ್ಡಾಯ ಅಲ್ಲ. ಈಗ ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಹೀಗೇ ಇದೆ. ಆದರೆ ರಾಜ್ಯದ ಗಡಿ ದಾಟಿದರೆ ಕಾನೂನೇ ಬೇರೆ. ನ್ಯೂಜೆರ್ಸಿ ನಿಮ್ಮ ಟೆಕ್ಸಾಸ್ ಪರ್ಮಿಟ್ಟನ್ನು ಒಪ್ಪುವುದಿಲ್ಲ. ಮ್ಯಾಗಜೀನಿಗೆ ಹತ್ತು ಗುಂಡಿನ ಮಿತಿ, ಹಾಲೋ ಪಾಯಿಂಟ್ ಗುಂಡಿನ ಮೇಲೂ ಕಟ್ಟುಪಾಡು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಪಟ್ಟಿಯಲ್ಲಿರುವ ಮಾದರಿಯನ್ನಷ್ಟೇ ಅಂಗಡಿಯವರು ಹೊಸದಾಗಿ ಮಾರಬಹುದು. ಬೇ ಏರಿಯಾದವರು ಈ ಪಟ್ಟಿ ನೋಡಿಯೇ ಮುಂದಿನ ಯೋಚನೆ ಮಾಡಿ. ಅಂಚೆ ಕಚೇರಿಯೊಳಗೆ ಯಾವ ರಾಜ್ಯದಲ್ಲೂ ಒಯ್ಯಬೇಡಿ, ಅದು ಫೆಡರಲ್ ಜಾಗ.

ಊರಲ್ಲಿ ಅಪ್ಪನಿಗೂ ಇಂಥದ್ದೇ ಒಂದು ಕೊಡಿಸಬಹುದಾ? ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ?

ಇಲ್ಲಿಯದು ಅಲ್ಲಿ ನಡೆಯುವುದಿಲ್ಲ. ಭಾರತದಲ್ಲಿ 9 ಎಂಎಂ ಸಾಮಾನ್ಯ ಜನರಿಗೆ ನಿಷಿದ್ಧ. ಲೈಸೆನ್ಸ್ ಸಿಕ್ಕವರಿಗೆ ಸಿಗುವುದು .32, .22 ಥರದವು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದು ಅರ್ಧ ಕೆಜಿಯ 'ನಿರ್ಭೀಕ್' ಎಂಬ .32 ರಿವಾಲ್ವರ್ ತಂದಿತ್ತು. ಇನ್ನು ಕೊಡಗಿನ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ. ಅದು ಕೋವಿಗೆ, ಪಿಸ್ತೂಲಿಗಲ್ಲ. ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ತೋಕ್ ಪೂ ಎಂಬ ಹೂವು ಮುಡಿಸಿ ಪೂಜೆ ಮಾಡುವುದು ಆ ಉದ್ದ ನಳಿಗೆಯ ಕೋವಿಗೇ.

ರೇಂಜ್ ಬ್ಯಾಗನ್ನೇ ಊರಿಗೆ ಹೋಗುವಾಗ ಕ್ಯಾಬಿನ್ ಬ್ಯಾಗ್ ಮಾಡ್ಕೊಂಡ್ರೆ ತೊಂದರೆ ಇದ್ಯಾ?

ತುಂಬಾ ತೊಂದರೆ. ಬ್ಯಾಗಿನ ಮೂಲೆಯಲ್ಲಿ, ಹೊಲಿಗೆಯ ಸಂದಿಯಲ್ಲಿ ಒಂದೇ ಒಂದು ತೋಟಾ ಉಳಿದಿದ್ದು ಭಾರತದ ಏರ್‌ಪೋರ್ಟಿನ ಸ್ಕ್ಯಾನರಿನಲ್ಲಿ ಕಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗಬಹುದು. ಮರೆತೆ ಎಂದು ಪೊಲೀಸರಿಗೆ, ಆಮೇಲೆ ಕೋರ್ಟಿಗೆ ವಿವರಿಸುತ್ತಾ ರಜೆ ಮುಗಿಯುತ್ತದೆ. ರೇಂಜಿಗೆ ಒಂದು ಅಗ್ಗದ ಬ್ಯಾಗ್ ಬೇರೆ ಇಡಿ. ಅದರ ಮೇಲೆ ಬಣ್ಣದ ಟೇಪ್ ಸುತ್ತಿ. ನನ್ನದಕ್ಕೆ ಕೆಂಪು ಹಳದಿ ಸುತ್ತಿದ್ದೇನೆ. ಅದು ಗ್ಯಾರೇಜಿನಿಂದ ಮನೆಯೊಳಗೆ ಬರುವುದೇ ಇಲ್ಲ.